ಡಬಲ್ ಕ್ಲಿಕ್ ಮಾಡಿದರೆ ಏನೂ ಆಗಲ್ಲ: ಲಿನಕ್ಸ್‌ಗೆ ಹೊಸದಾಗಿ ಬಂದವರು ಎಲ್ಲಿ ಎಡವುತ್ತಾರೆ?

ಊರ ಲೈಬ್ರರಿ:

ಎಲ್ಲರಿಗೂ ನಮಸ್ಕಾರ. ಒಂದು ಕೆಲಸಕ್ಕೆ ನಿಮ್ಮೆಲ್ಲರ ಸಹಾಯ ಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರ್ ಎಷ್ಟೋ ಕಡೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ್ದು, ಅದರಲ್ಲಿ ವಿಂಡೋಸ್ 11 ಕೂರುವುದಿಲ್ಲ. ಆದರೆ ಯಂತ್ರ ಚೆನ್ನಾಗೇ ಇರುತ್ತದೆ, ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರಲ್ಲ. ನಮ್ಮೂರ ಲೈಬ್ರರಿಯಲ್ಲಿ ನಾವು ಕೆಲವರು ಭಾನುವಾರ ಕೂತು ಇಂಥ ಯಂತ್ರಗಳಿಗೆ ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ಹಾಕಿಕೊಡುತ್ತೇವೆ.

ಹಾಕುವುದು ಈಗ ಕಷ್ಟವೇ ಅಲ್ಲ. ಪೆನ್‌ಡ್ರೈವ್ ಚುಚ್ಚಿ, ಭಾಷೆ ಆರಿಸಿ, ನೆಕ್ಸ್ಟ್ ಒತ್ತುತ್ತಾ ಹೋದರೆ ಮುಗಿಯಿತು. ತೊಂದರೆ ಶುರುವಾಗುವುದು ಅವರು ಮನೆಗೆ ಹೋಗಿ ತಾವೇ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೊರಟಾಗ.

ಒಬ್ಬ ನಿವೃತ್ತ ಮೇಷ್ಟ್ರು ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಒಂದನ್ನು ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸುವ ಒಂದೇ ಫೈಲ್) ರೂಪದಲ್ಲಿ ಇಳಿಸಿಕೊಂಡಿದ್ದರು. ಅದರ ಪುಟದಲ್ಲಿ ಹೇಳಿದಂತೆ ಪ್ರಾಪರ್ಟೀಸ್‌ಗೆ ಹೋಗಿ ಎಕ್ಸಿಕ್ಯೂಟಬಲ್ (ಓಡಿಸಬಹುದಾದ ಫೈಲ್) ಅಂತಲೂ ಮಾಡಿದ್ದರು. ಡಬಲ್ ಕ್ಲಿಕ್ ಮಾಡಿದರು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಮಾಡಿದರು. ಆಗಲೂ ಇಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ನನ್ನ ಹತ್ತಿರ ಕೇಳಿದ್ದೇನು ಗೊತ್ತಾ? "ನನ್ನ ಮೌಸ್ ಕೆಟ್ಟಿದೆಯಾ ನೋಡಪ್ಪ." ನಾನು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಅದೇ ಫೈಲನ್ನು ಓಡಿಸಿದೆ. ಕಾರಣ ಅಲ್ಲೇ ಬಂತು: ಲಿಬ್‌ಫ್ಯೂಸ್ 2 ಎಂಬ ಸಹಾಯಕ ಸಾಫ್ಟ್‌ವೇರ್ ಇಲ್ಲ. ಉಬುಂಟು 22.04ರಿಂದ ಈಚೆಗೆ ಅದು ಸಿಸ್ಟಮ್ ಜೊತೆಗೆ ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಒಂದೇ ಸಾಲಿನ ವಿಷಯ. ಆ ಸಾಲು ಮೇಷ್ಟ್ರ ಪರದೆ ಮೇಲೆ ಬರಲೇ ಇಲ್ಲ.

ಅವತ್ತಿನಿಂದ ಗಮನಿಸುತ್ತಿದ್ದೇನೆ. ಕಷ್ಟವಾದರೆ ಜನ ಕಲಿಯುತ್ತಾರೆ. ಈ ಮೇಷ್ಟ್ರು ಅರವತ್ತು ದಾಟಿದ ಮೇಲೆ ವಿಡಿಯೋ ಎಡಿಟಿಂಗ್ ಕಲಿಯಲು ಹೊರಟವರು. ಅವರಿಗೆ ಲಿನಕ್ಸ್ ಕಲಿಯುವುದೇನು ದೊಡ್ಡದಲ್ಲ. ಆದರೆ ಕಂಪ್ಯೂಟರ್ ಏನೂ ಹೇಳದೆ ಸುಮ್ನೆ ಕೂತರೆ ಯಾರಿಗೆ ಏನು ಕಲಿಯಲು ಆಗುತ್ತದೆ? ಗೂಗಲ್‌ನಲ್ಲಿ ಏನಂತ ಹುಡುಕುವುದು?

ಹೀಗೆ ಲಿನಕ್ಸ್ ಬಾಯಿ ಬಿಡದೆ ಕೈಕೊಡುವ ಜಾಗಗಳನ್ನೆಲ್ಲ ಒಂದು ಕಡೆ ಸೇರಿಸಬೇಕು ಅಂತಿದ್ದೇನೆ. ಕನ್ನಡದಲ್ಲಿ ಒಂದು ಹಾಳೆ ಮಾಡಿ, ಯಂತ್ರ ವಾಪಸ್ ಕೊಡುವಾಗ ಜೊತೆಗೆ ಕೊಡುವ ಯೋಚನೆ. ನೀವು ನೋಡಿದ್ದನ್ನು ಬರೆಯಿರಿ.

ಮಿಂಟ್ ಮನೆ:

ಒಳ್ಳೆಯ ಕೆಲಸ ಸರ್. ಮೊದಲನೆಯದು ನಾನೇ ಹೇಳುತ್ತೇನೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡುವುದು.

ಹೊಸಬರು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ) ಕಮಾಂಡ್ ಹಾಕುತ್ತಾರೆ, ಪಾಸ್‌ವರ್ಡ್ ಕೇಳುತ್ತದೆ, ಟೈಪ್ ಮಾಡಿದರೆ ಎಷ್ಟೋ ಕಡೆ ಒಂದು ಚುಕ್ಕಿಯೂ ಕಾಣಲ್ಲ. ಕೀಬೋರ್ಡ್ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಅಲ್ಲೇ ಬಿಡುವವರು ಎಷ್ಟು ಜನ! ಅಕ್ಷರ ಎಷ್ಟು ಅಂತ ಪಕ್ಕದವರಿಗೆ ಕಾಣಬಾರದು ಅನ್ನುವ ಹಳೆಯ ಯುನಿಕ್ಸ್ ಪದ್ಧತಿ ಅದು. ಮಿಂಟ್‌ನವರು ಇದನ್ನು ಬದಲಾಯಿಸಿ ನಕ್ಷತ್ರ ಕಾಣುವಂತೆ ಮಾಡಿದ್ದಾರೆ. ಇಂಥ ಸಣ್ಣ ಬದಲಾವಣೆಗೇ ನಾನು ಹೊಸಬರಿಗೆ ಮಿಂಟ್ ಹೇಳುವುದು.

ಎರಡನೆಯದು ಇನ್ನೂ ದೊಡ್ಡದು. ಒಂದೇ ಸಾಫ್ಟ್‌ವೇರ್ ಡೆಬ್ ಆಗಿ ಸಿಗುತ್ತದೆ, ಸ್ನ್ಯಾಪ್ ಆಗಿ, ಫ್ಲಾಟ್‌ಪ್ಯಾಕ್ ಆಗಿ, ಆಪ್‌ಇಮೇಜ್ ಆಗಿಯೂ ಸಿಗುತ್ತದೆ. ಎಲ್ಲ ಸಾಫ್ಟ್‌ವೇರ್ ಕಟ್ಟಿಕೊಡುವ ಬೇರೆ ಬೇರೆ ಬಗೆಯ ಪ್ಯಾಕೇಜ್‌ಗಳು. ಯಾವುದು ತಗೋಬೇಕು? ಯಾರೂ ಹೇಳಲ್ಲ. ಉಬುಂಟು 22.04ರಿಂದ ಆಪ್ಟ್‌ನಲ್ಲಿ (ಡೆಬ್ ಹಾಕುವ ಕಮಾಂಡ್) ಫೈರ್‌ಫಾಕ್ಸ್ ಹಾಕು ಅಂದರೂ ಬರುವುದು ಸ್ನ್ಯಾಪ್. ಮಿಂಟ್‌ನಲ್ಲಿ 20ನೇ ಆವೃತ್ತಿಯಿಂದ ಸ್ನ್ಯಾಪ್ ಮುಚ್ಚಿಟ್ಟಿದ್ದಾರೆ. ಉಬುಂಟುವಿನಲ್ಲಿ ಫ್ಲಾಟ್‌ಪ್ಯಾಕ್ ಜೊತೆಗೆ ಬರುವುದಿಲ್ಲ, ಮಿಂಟ್‌ನಲ್ಲಿ ಬರುತ್ತದೆ. ಎರಡೂ ಒಂದೇ ಮನೆತನದ್ದು ಅಂತ ಹೇಳಿಬಿಡುತ್ತೇವೆ. ಹೊಸಬರು ಒಂದರ ಪಾಠ ಓದಿ ಇನ್ನೊಂದರಲ್ಲಿ ಕಮಾಂಡ್ ಹಾಕುತ್ತಾರೆ. ಕೆಲಸ ಮಾಡಲ್ಲ.

ನಾನು ಹೇಳಿಕೊಡುವುದು ಇಷ್ಟೇ. ಮೊದಲು ನಿಮ್ಮ ಡಿಸ್ಟ್ರೋದ (ಉಬುಂಟು, ಮಿಂಟ್ ತರಹದ ಲಿನಕ್ಸ್ ಬಗೆ) ಸಾಫ್ಟ್‌ವೇರ್ ಅಂಗಡಿಯಲ್ಲಿ ಹುಡುಕಿ. ಅಲ್ಲಿಲ್ಲದಿದ್ದರೆ ಮಾತ್ರ ಹೊರಗೆ ಹೋಗಿ. ಬ್ರೌಸರ್‌ನಲ್ಲಿ ಡೌನ್‌ಲೋಡ್ ಬಟನ್ ಹುಡುಕುವ ವಿಂಡೋಸ್ ಅಭ್ಯಾಸ ಬಿಡಿಸುವುದೇ ಮೊದಲ ಪಾಠ.

ಎರಡನೇ ಸೆಮಿಸ್ಟರ್:

ನಾನು ಆ ಹೊಸಬರಲ್ಲಿ ಒಬ್ಬಳು. ಎಂಜಿನಿಯರಿಂಗ್ ಓದುತ್ತಿದ್ದೇನೆ, ಲ್ಯಾಬ್ ಕೆಲಸಕ್ಕೆ ಬೇಕಲ್ಲ ಅಂತ ಉಬುಂಟು 24.04 ಹಾಕಿಕೊಂಡೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ವೈಫೈ ಹೆಸರೇ ಕಾಣುತ್ತಿಲ್ಲ. ಡ್ರೈವರ್ ಇಳಿಸಿಕೊಳ್ಳಿ ಅಂತ ಎಲ್ಲ ಕಡೆ ಬರೆದಿದ್ದಾರೆ. ಇಂಟರ್ನೆಟ್ಟೇ ಇಲ್ಲದೆ ಇಳಿಸಿಕೊಳ್ಳುವುದು ಹೇಗೆ? ಹಾಸ್ಟೆಲ್‌ನಲ್ಲಿ ಕೇಬಲ್ ಇಲ್ಲ.

ಎರಡು, ಗೆಳತಿಯ ಯಂತ್ರದಲ್ಲಿ ಇಂಟರ್ನೆಟ್ ಇದೆ, ಅದರಲ್ಲಿ ಏನು ಹಾಕಲು ಹೋದರೂ ಡಿಪಿಕೆಜಿ (ಪ್ಯಾಕೇಜ್ ಹಾಕುವ ಸಾಧನ) ಲಾಕ್ ಸಿಗುತ್ತಿಲ್ಲ ಅನ್ನುತ್ತದೆ. ಆ ಲಾಕ್ ಫೈಲ್ ಅಳಿಸಿ ಅಂತ ಒಂದು ಕಡೆ ಓದಿದೆವು. ಅಳಿಸಬಹುದಾ?

ಪ್ಯಾಕೇಜ್ ಕಟ್ಟುವವ:

ಅಳಿಸಬೇಡಿ! ದಯವಿಟ್ಟು.

ಸಿಸ್ಟಮ್ ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟ ಕೂಡಲೇ ಭದ್ರತಾ ಅಪ್‌ಡೇಟ್‌ಗಳು ತೆರೆಮರೆಯಲ್ಲಿ ತಾವಾಗೇ ಇಳಿಯಲು ಶುರುವಾಗುತ್ತವೆ. ಅದು ನಡೆಯುವಾಗ ಬೇರೆ ಯಾರೂ ಪ್ಯಾಕೇಜ್ ಪಟ್ಟಿಯನ್ನು ಮುಟ್ಟಬಾರದು, ಅದಕ್ಕೇ ಲಾಕ್. ಇಬ್ಬರೂ ಒಟ್ಟಿಗೆ ಬರೆದರೆ ಪಟ್ಟಿ ಕೆಟ್ಟು, ಆಮೇಲೆ ರಿಪೇರಿ ದೊಡ್ಡ ಕೆಲಸವಾಗುತ್ತದೆ. ಕಾಫಿ ಕುಡಿದು ಬನ್ನಿ, ತಾನಾಗೇ ಬಿಡುಗಡೆಯಾಗುತ್ತದೆ. ತುಂಬ ಹೊತ್ತಾದರೂ ಹಾಗೇ ಇದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ. ಲಾಕ್ ಅಳಿಸಿ ಅಂತ ಬರೆಯುವವರು ಹೊಸಬರಿಗೆ ದ್ರೋಹ ಮಾಡುತ್ತಿದ್ದಾರೆ ಅಂತಲೇ ನನ್ನ ಅಭಿಪ್ರಾಯ.

ವೈಫೈಗೆ ದಾರಿ ನಿಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತದೆ, ಆನ್ ಮಾಡಿ. ಲಿನಕ್ಸ್ ಅದನ್ನು ಕೇಬಲ್ ಇಂಟರ್ನೆಟ್ ಅಂತಲೇ ನೋಡುತ್ತದೆ, ಬೇರೆ ಡ್ರೈವರ್ ಬೇಡ. ಆಮೇಲೆ ಅಡಿಷನಲ್ ಡ್ರೈವರ್ಸ್ ಎಂಬ ಆಪ್ ತೆರೆದು ನಿಮ್ಮ ವೈಫೈ ಚಿಪ್‌ಗೆ ಏನಾದರೂ ತೋರಿಸುತ್ತದಾ ನೋಡಿ. ಲೈಬ್ರರಿಯವರೇ, ಈ ಟೆದರಿಂಗ್ ವಿಷಯ ನಿಮ್ಮ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿ.

ಈಗ ಆಪ್‌ಇಮೇಜ್ ವಿಷಯ. ಲಿಬ್‌ಫ್ಯೂಸ್ ಹಾಕಿದ ಮೇಲೂ 24.04ರಲ್ಲಿ ಕೆಲವು ತೆರೆಯುವುದಿಲ್ಲ. (ಆ ಪ್ಯಾಕೇಜಿನ ಹೆಸರೂ 24.04ರಲ್ಲಿ ಲಿಬ್‌ಫ್ಯೂಸ್2ಟಿ64 ಅಂತ ಬದಲಾಗಿದೆ, ಹಳೆಯ ಪಾಠ ನೋಡಿದವರು ಇಲ್ಲೂ ಎಡವುತ್ತಾರೆ.) ಎಲೆಕ್ಟ್ರಾನ್ (ಬ್ರೌಸರ್ ತಂತ್ರಜ್ಞಾನದಲ್ಲಿ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟು) ಮೇಲೆ ಕಟ್ಟಿದ ಸಾಫ್ಟ್‌ವೇರ್‌ಗಳಲ್ಲಿ ಇದು ಜಾಸ್ತಿ. ಅವು ತಮ್ಮದೇ ಸ್ಯಾಂಡ್‌ಬಾಕ್ಸ್ (ತಪ್ಪಾದರೂ ಹೊರಗೆ ಹಾನಿ ಆಗದಂತೆ ಬೇಲಿ) ಮಾಡಿಕೊಳ್ಳಲು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಂದು ಸೌಲಭ್ಯ ಬಳಸುತ್ತವೆ. ದುರುಪಯೋಗ ಆಗುತ್ತದೆ ಅಂತ ಉಬುಂಟು 24.04 ಅದನ್ನು ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆಯ ಮೂಲಕ ಬಿಗಿ ಮಾಡಿದೆ. ಸ್ಯಾಂಡ್‌ಬಾಕ್ಸ್ ಸಿಗದೆ ಸಾಫ್ಟ್‌ವೇರ್ ಹೊರಟುಹೋಗುತ್ತದೆ. ಹೊರಗಿನವರಿಗೆ ಕಾಣುವುದು ಮತ್ತದೇ, ಡಬಲ್ ಕ್ಲಿಕ್ ಮಾಡಿದರೆ ಏನೂ ಇಲ್ಲ. ನೋ ಸ್ಯಾಂಡ್‌ಬಾಕ್ಸ್ ಅಂತ ಸೇರಿಸಿ ಓಡಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ರಕ್ಷಣೆಯನ್ನೇ ತೆಗೆದುಹಾಕುವುದು. ಅದೇ ಸಾಫ್ಟ್‌ವೇರ್ ಡೆಬ್ ಅಥವಾ ಫ್ಲಾಟ್‌ಪ್ಯಾಕ್ ಆಗಿ ಸಿಕ್ಕರೆ ಅದನ್ನು ತಗೊಳ್ಳಿ.

ಆದರೆ ಲೈಬ್ರರಿಯವರೇ, ನಿಮ್ಮ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ ಇಲ್ಲ. ಕಂಪ್ಯೂಟರ್ ಮಾತಾಡಿದರೆ ಸಾಕು ಅಂತೀರಿ. 2021ರ ನವೆಂಬರ್‌ನಲ್ಲಿ ಲೈನಸ್ ಸೆಬಾಸ್ಟಿಯನ್ ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಪಾಪ್ ಓಎಸ್ ಎಂಬ ಲಿನಕ್ಸ್ ಪ್ರಯತ್ನಿಸಿದ್ದು ನೆನಪಿದೆಯಾ? ಸ್ಟೀಮ್ ಎಂಬ ಗೇಮ್ ಅಂಗಡಿ ಹಾಕಲು ಹೋದರು. ರೆಪಾಸಿಟರಿಯಲ್ಲಿ (ಪ್ಯಾಕೇಜ್ ಭಂಡಾರ) ಪ್ಯಾಕೇಜ್ ಅವಲಂಬನೆಯ ತೊಡಕೊಂದು ಆಗ ಇತ್ತು. ಅಂಗಡಿಯಲ್ಲಿ ಆಗಲಿಲ್ಲ ಅಂತ ಟರ್ಮಿನಲ್‌ಗೆ ಬಂದರು. ಆಪ್ಟ್ ಎಚ್ಚರಿಕೆ ಕೊಟ್ಟಿತು, ಉದ್ದ ಪಟ್ಟಿಯನ್ನೂ ತೋರಿಸಿತು, ಒಪ್ಪಿಗೆಗೆ ಒಂದು ಇಡೀ ವಾಕ್ಯ ಟೈಪ್ ಮಾಡಿಸಿತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಪೂರ್ತಿ ಅಳಿಸಿಹೋಯಿತು.

ಅಲ್ಲಿ ಕಂಪ್ಯೂಟರ್ ಮಾತಾಡಿತ್ತು. ತುಂಬಾನೇ ಮಾತಾಡಿತ್ತು. ಹತ್ತಾರು ಪ್ಯಾಕೇಜ್ ಹೆಸರುಗಳ ನಡುವೆ "ನಿನ್ನ ಡೆಸ್ಕ್‌ಟಾಪ್ ಹೋಗುತ್ತದೆ" ಅನ್ನುವ ಒಂದು ಮಾತು ಮಾತ್ರ ಇರಲಿಲ್ಲ. ಹೊಸಬರಿಗೆ ಬೇಕಾದ್ದು ಆ ಒಂದು ಮಾತು. ಅದನ್ನು ಬರೆಯಬೇಕಾದವರು ನಮ್ಮಂಥ ಪ್ಯಾಕೇಜ್ ಮಾಡುವವರು.

ಊರ ಲೈಬ್ರರಿ:

ಒಪ್ಪಿದೆ ಸರ್. ಹಾಗಾದರೆ ನಾನು ಕೇಳುತ್ತಿರುವುದು ಎರಡು: ಏನಾಯಿತು ಅನ್ನುವುದು, ಮುಂದೇನು ಮಾಡಬೇಕು ಅನ್ನುವುದು. ಎರಡೂ ಬಳಸುವವರಿಗೆ ತಿಳಿಯುವ ಮಾತಲ್ಲಿ ಇರಬೇಕು.

ಡಿಟಿಪಿ ಅಕ್ಕ:

ನಾನು ಡಿಟಿಪಿ ಕೆಲಸದವಳು, ಮದುವೆ ಪತ್ರಿಕೆ, ಕರಪತ್ರ, ಸಂಘದ ವರದಿ ಎಲ್ಲ ಮಾಡುತ್ತೇನೆ. ನಮ್ಮಂಥವರು ಎಡವುವುದು ಬೇರೆ ಜಾಗದಲ್ಲಿ. ಕನ್ನಡ ಟೈಪ್ ಮಾಡುವುದು!

ನುಡಿ ಕೀಬೋರ್ಡ್ ಅಭ್ಯಾಸ ಇರುವವರಿಗೆ ಲಿನಕ್ಸ್‌ನಲ್ಲಿ ಅದೇ ವಿನ್ಯಾಸ ಇದೆ. ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸ, ಕಗಪ ಅಥವಾ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಇದೆ, ಆದರೆ ಕಾಣುವುದಿಲ್ಲ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಅಲ್ಲಿ ಪ್ಲಸ್ ಒತ್ತಿದರೆ ಕೆಲವೇ ಭಾಷೆ ತೋರಿಸುತ್ತದೆ. ಕೆಳಗೆ ಮೂರು ಚುಕ್ಕಿ ಇರುತ್ತದೆ, ಅದನ್ನು ಒತ್ತಬೇಕು. ಆಮೇಲೆ ಪಟ್ಟಿಯಲ್ಲಿ ಕನ್ನಡ ಹುಡುಕಬೇಕು. ಆ ಮೂರು ಚುಕ್ಕಿ ಗೊತ್ತಾಗದೆ "ಲಿನಕ್ಸ್‌ನಲ್ಲಿ ಕನ್ನಡ ಇಲ್ಲ" ಅಂತ ವಾಪಸ್ ಹೋದವರನ್ನು ನೋಡಿದ್ದೇನೆ. ಬೇಜಾರಾಗುತ್ತದೆ.

ಅಲ್ಲಿ ಮೊದಲೇ ಇರುವ ಕಗಪ ಒಂದು ಬಗೆ. ಆದರೆ ನುಡಿಯ ಹಾಗೆ ವ್ಯಂಜನದ ಮುಂದೆ ಸ್ವರ ಒತ್ತಿದರೆ ತಾನೇ ಗುಣಿತಾಕ್ಷರ ಆಗಬೇಕು ಅನ್ನುವವರಿಗೆ ಐಬಸ್-ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಬರುವ ಕೆಜಿಪಿ ಹತ್ತಿರದ್ದು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡುವವರಿಗೆ ಐಟ್ರಾನ್ಸ್ ಇದೆ. ಇಲ್ಲೂ ನಿಮ್ಮ ಮೌನದ ಕತೆಯೇ. ಪ್ಯಾಕೇಜ್ ಹಾಕಿ ಸೆಟ್ಟಿಂಗ್ಸ್ ತೆರೆದರೆ ಹೊಸ ವಿನ್ಯಾಸ ಪಟ್ಟಿಯಲ್ಲೇ ಇರುವುದಿಲ್ಲ. ಒಮ್ಮೆ ಲಾಗ್ ಔಟ್ ಆಗಿ ಒಳಗೆ ಬಂದರೆ ಮಾತ್ರ ಬರುತ್ತದೆ. "ಲಾಗ್ ಔಟ್ ಆಗಿ ಬನ್ನಿ" ಅಂತ ಒಂದು ಸಾಲು ಹೇಳಿದ್ದರೆ ಸಾಕಿತ್ತು ಅಲ್ವಾ? ಭಾಷೆ ಬದಲಿಸುವುದು ವಿಂಡೋಸ್ ಕೀ ಜೊತೆ ಸ್ಪೇಸ್.

ಹಳೆಯ ನುಡಿ ಫೈಲ್‌ಗಳ ವಿಷಯ. ಆಸ್ಕಿ (ಯುನಿಕೋಡ್‌ಗೆ ಮುಂಚಿನ) ಫಾಂಟ್‌ನಲ್ಲಿ ಮಾಡಿದ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಆ ನುಡಿ ಫಾಂಟ್ ಫೈಲನ್ನು ಹಳೆಯ ಯಂತ್ರದಿಂದ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಕನ್ನಡ ಕಾಣುತ್ತದೆ. ಹೊಸ ಕೆಲಸ ಮಾತ್ರ ಯುನಿಕೋಡ್‌ನಲ್ಲೇ ಮಾಡಿ. ನವಿಲು, ಗುಬ್ಬಿ ಫಾಂಟ್‌ಗಳು ಡೆಬಿಯನ್, ಉಬುಂಟು ಎರಡರ ಭಂಡಾರದಲ್ಲೂ ಇವೆ, ಚೆನ್ನಾಗಿವೆ.

ಇನ್ನು ಪ್ರಿಂಟರ್. ಹೊಸ ಪ್ರಿಂಟರ್‌ಗಳು ಎಷ್ಟೋ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಹಳೆಯ ಸಣ್ಣ ಲೇಸರ್ ಪ್ರಿಂಟರ್‌ಗಳದ್ದೇ ತಕರಾರು. ಎಚ್‌ಪಿ ಲೇಸರ್‌ಜೆಟ್ 1020 ತರಹದವಕ್ಕೆ ಆನ್ ಆದಾಗಲೆಲ್ಲ ಕಂಪ್ಯೂಟರ್ ಕಡೆಯಿಂದ ಫರ್ಮ್‌ವೇರ್ (ಪ್ರಿಂಟರ್ ಒಳಗೆ ಓಡುವ ಸಾಫ್ಟ್‌ವೇರ್) ಹೋಗಬೇಕು. ಅದು ಎಚ್‌ಪಿಲಿಪ್‌ನ (ಲಿನಕ್ಸ್‌ಗೆ ಎಚ್‌ಪಿಯ ಪ್ರಿಂಟರ್ ಸಾಫ್ಟ್‌ವೇರ್) ಪ್ಲಗಿನ್‌ನಲ್ಲಿ ಇರುತ್ತದೆ, ಬೇರೆಯಾಗಿ ಇಳಿಸಿಕೊಳ್ಳಬೇಕು. ಪ್ಲಗಿನ್ ಇಲ್ಲದಿದ್ದರೂ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಪ್ರಿಂಟ್ ಕೊಟ್ಟರೆ ಹೋಯಿತು ಅನ್ನುತ್ತದೆ, ಹಾಳೆ ಮಾತ್ರ ಬರಲ್ಲ. ಎಚ್‌ಪಿ-ಪ್ಲಗಿನ್ ಅನ್ನುವ ಕಮಾಂಡ್ ಓಡಿಸಿದರೆ ಸರಿ.

ಲೆಕ್ಕಪತ್ರ:

ಎಲ್ಲರ ಉತ್ಸಾಹ ನೋಡಿ ಖುಷಿ. ಆದರೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಯಂತ್ರ ತಂದವರು ಅದರಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಕೇಳದೆ ಲಿನಕ್ಸ್ ಹಾಕಬೇಡಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ವೈನ್‌ನಲ್ಲಿ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಓಡಿಸಿದವರಿದ್ದಾರೆ, ಆದರೆ ಅಂಗಡಿ ಲೆಕ್ಕವನ್ನು ಅದರ ಮೇಲೆ ನಿಲ್ಲಿಸುವುದು ಬೇಡ. ರಿಟರ್ನ್ ಸಲ್ಲಿಸಲು ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಬಳಸುವವರ ಯಂತ್ರವಾದರೆ ಅವರ ಟೋಕನ್ ತರಿಸಿ, ಅವರ ಎದುರಿಗೇ ಪರೀಕ್ಷೆ ಮಾಡಿ ಆಮೇಲೆ ಹಾಕಿ. ಕೊನೆಯ ದಿನಾಂಕದ ಹಿಂದಿನ ರಾತ್ರಿ ಟೋಕನ್ ಗುರುತಾಗದಿದ್ದರೆ ದಂಡ ಕಟ್ಟುವುದು ಅವರು.

ಮಿಂಟ್ ಮನೆ:

ಲೆಕ್ಕಪತ್ರದವರೇ, ಅದಕ್ಕೆ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಳ್ಳಬಹುದಲ್ಲ? ಡ್ಯುಯಲ್ ಬೂಟ್.

ಲೆಕ್ಕಪತ್ರ:

ಇಟ್ಟುಕೊಳ್ಳಬಹುದು. ಆದರೆ ಬೆಂಬಲ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವ ಅಪಾಯ ಹಾಗೇ ಉಳಿಯುತ್ತದೆ, ಅದನ್ನೂ ಹೇಳಿ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಸಿ. ಅದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಮಾಡಿದರೂ ಪೂರ್ತಿ ಮುಚ್ಚಿರುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸ್ ವಿಂಡೋಸ್‌ನ ಡಿ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಫೈಲ್ ಕಾಣುತ್ತದೆ, ಸೇವ್ ಆಗಲ್ಲ. ಯಾಕೆ ಅಂತ ಗೊತ್ತಾಗದೆ ಜನ ಒದ್ದಾಡುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆಯಬಹುದು.

ಕಾಸರಗೋಡು ಕನ್ನಡ ಶಾಲೆ:

ಗಡಿಯ ಈ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕೇರಳದ ಸರಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಇದೆ. ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗಂತಲೇ ಒಂದು ಡಿಸ್ಟ್ರೋ ಮಾಡಿಕೊಡುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಜಿಯೋಜೀಬ್ರಾ, ಜಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಎಲ್ಲ ಮೊದಲೇ ಇರುತ್ತವೆ. ಮಕ್ಕಳಿಗೆ ಲಿನಕ್ಸ್ ಕಷ್ಟ ಅಂತ ಅನ್ನಿಸುವುದೇ ಇಲ್ಲ, ಏಕೆಂದರೆ ಏನನ್ನೂ ಹುಡುಕಿ ಹಾಕಿಕೊಳ್ಳಬೇಕಾಗಿಲ್ಲ.

ಹಾಗಾಗಿ ಹಾಳೆ ಕೊಡುವುದರ ಜೊತೆಗೆ ಯಂತ್ರ ವಾಪಸ್ ಕೊಡುವ ಮೊದಲೇ ಆ ಹಾಳೆಯ ಅರ್ಧ ಕೆಲಸ ನೀವೇ ಮುಗಿಸಿಬಿಡಿ. ಕನ್ನಡ ಕೀಬೋರ್ಡ್, ಲಿಬ್‌ಫ್ಯೂಸ್, ವಿಡಿಯೋ ಕೋಡೆಕ್ (ವಿಡಿಯೋ ಓಡಿಸಲು ಬೇಕಾದ ಭಾಗ), ಪ್ರಿಂಟರ್ ಪ್ಲಗಿನ್, ಇಷ್ಟನ್ನು ಹಾಕಿ ಕೊಟ್ಟರೆ ಮನೆಯಲ್ಲಿ ಎಡವುವುದು ತುಂಬ ಕಡಿಮೆಯಾಗುತ್ತದೆ.

ಎರಡನೇ ಸೆಮಿಸ್ಟರ್:

ಟೆದರಿಂಗ್ ಕೆಲಸ ಮಾಡಿತು!! ಅಡಿಷನಲ್ ಡ್ರೈವರ್ಸ್‌ನಲ್ಲಿ ವೈಫೈ ಡ್ರೈವರ್ ತೋರಿಸಿತು, ಹಾಕಿದೆ. ಗೆಳತಿಯ ಲಾಕ್ ಕೂಡ ತಾನೇ ಸರಿಹೋಯಿತು. ತುಂಬ ಥ್ಯಾಂಕ್ಸ್.

ಆದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಮಾಡಿಕೋ ಅಂತ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂತು. ಹೆದರಿಕೆಯಾಗಿ ಮೊದಲ ಆಯ್ಕೆ ಒತ್ತಿದೆ, ಮಾಮೂಲಿ ಉಬುಂಟು ಬಂತು. ವೈಫೈ ಈಗಲೂ ಇಲ್ಲ.

ಪ್ಯಾಕೇಜ್ ಕಟ್ಟುವವ:

ಸರಿಯಾದ ಜಾಗಕ್ಕೇ ಬಂದಿದ್ದೀರಿ, ಇನ್ನೊಂದೇ ಹೆಜ್ಜೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದೆ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ಕಟ್ಟಿದ ಡ್ರೈವರ್‌ಗೆ ನಿಮ್ಮ ಯಂತ್ರದಲ್ಲೇ ಮಾಡಿದ ಕೀಲಿಯಿಂದ ಸಹಿ ಹಾಕಿರುತ್ತದೆ. ಆ ಕೀಲಿಯನ್ನು ಒಪ್ಪಿಕೋ ಅಂತ ಯಂತ್ರದ ಎದುರು ಕೂತವರೇ ಹೇಳಬೇಕು. ನೀಲಿ ಪರದೆ ಬಂದದ್ದು ಅದಕ್ಕೆ. ಅಲ್ಲಿ ಮೊದಲ ಆಯ್ಕೆ ಕಂಟಿನ್ಯೂ ಬೂಟ್. ಅದನ್ನು ಒತ್ತಿದರೆ ಕೀಲಿ ಸೇರಿಸದೆ ಮುಂದೆ ಹೋಗುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ, ಯಾಕೆ ಅಂತ ಡೆಸ್ಕ್‌ಟಾಪ್ ಹೇಳುವುದೂ ಇಲ್ಲ. ಕೆಲವು ಸೆಕೆಂಡ್ ಏನೂ ಒತ್ತದಿದ್ದರೂ ಹಾಗೇ ಆಗುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕುವವರಿಗೂ ಇದೇ ಪರದೆ ಬರಬಹುದು.

ಈಗ ಹೀಗೆ ಮಾಡಿ. ಅಡಿಷನಲ್ ಡ್ರೈವರ್ಸ್‌ನಲ್ಲಿ ಆ ಡ್ರೈವರ್ ತೆಗೆದು ಮತ್ತೆ ಹಾಕಿ. ಪಾಸ್‌ವರ್ಡ್ ಕೇಳಿದರೆ ಕೊಟ್ಟು, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಒಮ್ಮೆ ಮಾತ್ರ ಬೇಕಾಗುವುದು. ರೀಸ್ಟಾರ್ಟ್ ಮಾಡಿ, ನೀಲಿ ಪರದೆಯಲ್ಲಿ ಎನ್‌ರೋಲ್ ಎಂಓಕೆ (ಅಂದರೆ ಕೀಲಿ ಸೇರಿಸು) ಆರಿಸಿ, ಕಂಟಿನ್ಯೂ, ಎಸ್, ಆಮೇಲೆ ಆ ಪಾಸ್‌ವರ್ಡ್. ಅಲ್ಲೂ ಅಕ್ಷರ ಕಾಣಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಕೊನೆಗೆ ರೀಬೂಟ್. ಪಾಸ್‌ವರ್ಡ್ ಕೇಳದೇ ಹೋದರೆ ಇಲ್ಲೇ ಬರೆಯಿರಿ, ಬೇರೆ ದಾರಿ ಇದೆ.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಒಂದು ಎಚ್ಚರಿಕೆ. ವಿಂಡೋಸ್ ಕೂಡ ಇಟ್ಟುಕೊಂಡಿದ್ದು ಅದಕ್ಕೆ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಬೀಗ) ಇದ್ದರೆ ಮುಂದಿನ ಸಲ ಅದು ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿಲ್ಲದೆ ಮುಟ್ಟಬೇಡಿ.

ಡಿಟಿಪಿ ಅಕ್ಕ:

ಲೈಬ್ರರಿಯವರೇ, ಆ ನೀಲಿ ಪರದೆಯ ಫೋಟೋ ಹಾಳೆಯಲ್ಲಿ ಇರಲಿ. ಮೊಬೈಲ್‌ನಲ್ಲಿ ತೆಗೆದದ್ದಾದರೂ ಸರಿ. ಬಾಯಲ್ಲಿ ಹೇಳಿದರೆ ಯಾರಿಗೂ ನೆನಪಿರಲ್ಲ.

ಎರಡನೇ ಸೆಮಿಸ್ಟರ್:

ಬಂತು! ವೈಫೈ ಬಂತು! ಪರದೆ ಬಂದಾಗ ಫೋಟೋ ತೆಗೆದಿದ್ದೇನೆ, ಒಂದೊಂದು ಹೆಜ್ಜೆಗೂ ಒಂದು. ಲೈಬ್ರರಿಯವರಿಗೆ ಕಳಿಸುತ್ತೇನೆ.

ಊರ ಲೈಬ್ರರಿ:

ಬಹಳ ಉಪಕಾರವಾಯಿತು. ಹಾಳೆಯಲ್ಲಿ ಮೊದಲು ಟೆದರಿಂಗ್, ಆಮೇಲೆ ನೀಲಿ ಪರದೆ, ನಂತರ ಲಾಕ್, ಆಪ್‌ಇಮೇಜ್, ಕನ್ನಡ ಕೀಬೋರ್ಡ್, ಡಿ ಡ್ರೈವ್, ಪ್ರಿಂಟರ್. ಕಾಸರಗೋಡಿನವರು ಹೇಳಿದ್ದನ್ನು ಈ ಭಾನುವಾರದಿಂದಲೇ ಶುರು ಮಾಡುತ್ತೇವೆ. ಯಂತ್ರ ಇಟ್ಟುಹೋಗುವವರಿಗೆ ಟ್ಯಾಲಿ, ಡಿಎಸ್‌ಸಿ ಇದೆಯಾ ಅಂತ ಕೇಳುವುದನ್ನೂ ಚೀಟಿಯಲ್ಲಿ ಸೇರಿಸಿದೆ.

ಒಂದು ಪ್ರಶ್ನೆ ಉಳಿದಿದೆ. ಪೆನ್‌ಡ್ರೈವ್‌ನಲ್ಲಿರುವ ಹಾಡು, ಸಿನಿಮಾ ಕೆಲವರ ಪ್ಲೇಯರ್‌ನಲ್ಲಿ ಕಾಣುವುದೇ ಇಲ್ಲ ಅಂತಾರೆ. ಫೈಲ್ ಮ್ಯಾನೇಜರ್‌ನಲ್ಲಿ ಮಾತ್ರ ಕಾಣುತ್ತದೆ. ಇದೇನು?

ಮಿಂಟ್ ಮನೆ:

ಉಬುಂಟುವಿನಲ್ಲಾದರೆ ಪ್ಲೇಯರ್ ಸ್ನ್ಯಾಪ್ ಆಗಿ ಬಂದಿರಬಹುದು. ಸ್ನ್ಯಾಪ್‌ಗೆ ಪೆನ್‌ಡ್ರೈವ್ ನೋಡುವ ಅನುಮತಿ ತಾನಾಗೇ ಸಿಗುವುದಿಲ್ಲ. ಸೆಟ್ಟಿಂಗ್ಸ್, ಆಪ್ಸ್, ಆ ಪ್ಲೇಯರ್ ಹೆಸರು, ಅಲ್ಲಿ ಹೊರಗಿನ ಡ್ರೈವ್‌ಗಳ ಅನುಮತಿ ಆನ್ ಮಾಡಿ. ಫ್ಲಾಟ್‌ಪ್ಯಾಕ್ ಆಗಿದ್ದರೆ ಫ್ಲಾಟ್‌ಸೀಲ್ ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿ ಕೊಡಬಹುದು. ಎರಡರಲ್ಲೂ ಪ್ಲೇಯರನ್ನು ಮುಚ್ಚಿ ತೆರೆಯಬೇಕು.